ಪಿಸ್ಟನ್ ವಿಮಾನದ ಎಲೆಕ್ಟ್ರಾನಿಕ್ ಇಗ್ನಿಶನ್: ಟೈಮಿಂಗ್ ಎಲ್ಲೆಲ್ಲಿ ಕೈಕೊಡುತ್ತದೆ

ಮ್ಯಾಗ್ನೆಟೋ (ಎಂಜಿನ್ ತಿರುಗುವಿಕೆಯಿಂದಲೇ ಕಿಡಿ ಹುಟ್ಟಿಸುವ ಸಾಧನ) ಬಿಚ್ಚಿ ಆ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಶನ್ ಕೂರಿಸಿದರೆ ಎಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ, ಐಡಲ್ ನಯವಾಗುತ್ತದೆ, ಕ್ರೂಸ್‌ನಲ್ಲಿ ಒಂದಿಷ್ಟು ಇಂಧನವೂ ಉಳಿಯುತ್ತದೆ. ಈ ಲಾಭಗಳೆಲ್ಲ ನಿಜವೇ. ಆದರೆ ಎಂಜಿನ್ನಿನ ಆಯುಸ್ಸು ನಿಂತಿರುವುದು ಕಿಡಿ ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ಯಾವ ಗಳಿಗೆಯಲ್ಲಿ ಬೀಳುತ್ತದೆ ಎನ್ನುವುದರ ಮೇಲೆ. ಆ ಗಳಿಗೆಯನ್ನು ಲೆಕ್ಕ ಹಾಕುವ ಪೆಟ್ಟಿಗೆಗೆ ಕಣ್ಣಿಲ್ಲ. ಜೋಡಿಸುವಾಗ ನಾವು ತೋರಿಸಿಕೊಟ್ಟ ಶೂನ್ಯ (ಲೆಕ್ಕ ಶುರುವಾಗುವ ಕ್ರ್ಯಾಂಕ್ ಸ್ಥಾನ), ಸೆನ್ಸರ್ ಹೇಳುವ ಒತ್ತಡ, ಬ್ಯಾಟರಿಯಿಂದ ಬರುವ ವೋಲ್ಟೇಜ್ ಈ ಮೂರನ್ನು ನಂಬಿ ಅದು ನಡೆಯುತ್ತದೆ. ಮೂರರಲ್ಲಿ ಯಾವುದು ಸುಳ್ಳಾದರೂ ಪ್ರತಿ ಕಿಡಿಯೂ ಅಷ್ಟೇ ಕರಾರುವಾಕ್ಕಾಗಿ ತಪ್ಪು ಜಾಗದಲ್ಲಿ ಬೀಳುತ್ತದೆ.

ಮ್ಯಾಗ್ನೆಟೋದ ತಪ್ಪು ಬೇರೆ ಬಗೆಯದು. ಅದರ ಕ್ಯಾಮ್ ಫಾಲೋವರ್ (ಪಾಯಿಂಟ್ ತೆರೆಸುವ ತುಂಡು) ಸವೆದರೆ ಪಾಯಿಂಟ್, ಅಂದರೆ ತೆರೆದಾಗ ಕಿಡಿ ಹುಟ್ಟಿಸುವ ಸಂಪರ್ಕ, ತಡವಾಗಿ ತೆರೆದು ಟೈಮಿಂಗ್ ಹಿಂದೆ ಬೀಳುತ್ತದೆ; ಪಾಯಿಂಟ್‌ಗಳ ಮುಖ ಸವೆದರೆ ಬೇಗ ತೆರೆದು ಮುಂದೆ ಹೋಗುತ್ತದೆ. ಎರಡೂ ನಿಧಾನವಾಗಿ, ಗಂಟೆಗಳ ಲೆಕ್ಕದಲ್ಲಿ ಆಗುವಂಥವು. ರನ್-ಅಪ್‌ನಲ್ಲಿ (ಹಾರುವ ಮುನ್ನ ಎರಡು ಇಗ್ನಿಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡುವ ಪರೀಕ್ಷೆಯಲ್ಲಿ) ಆರ್‌ಪಿಎಂ ಇಳಿತ ಬದಲಾಗುತ್ತಾ ಮುನ್ಸೂಚನೆ ಕೊಡುತ್ತದೆ. ಎಲೆಕ್ಟ್ರಾನಿಕ್ ಘಟಕ ಹೀಗೆ ಜಾರುವುದಿಲ್ಲ. ಅದು ಕೂರಿಸಿದ ದಿನವೇ ತಪ್ಪಿರುತ್ತದೆ, ಇಲ್ಲವೇ ಹಾರಾಟದ ನಡುವೆ ಒಂದೇ ಕ್ಷಣದಲ್ಲಿ ತಪ್ಪುತ್ತದೆ.

ಒಂದು ಡಿಗ್ರಿ ಎಂದರೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ನೋಡೋಣ. 2700 ಆರ್‌ಪಿಎಂನಲ್ಲಿ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ 16,200 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ ಸುಮಾರು 62 ಮೈಕ್ರೊಸೆಕೆಂಡ್, 25 ಡಿಗ್ರಿಗೆ ಒಂದೂವರೆ ಮಿಲಿಸೆಕೆಂಡ್. ಕಿಡಿ ಬಿದ್ದ ಮೇಲೆ ಉರಿ ಹರಡಲು ಹೊತ್ತು ಬೇಕು, ಅದಕ್ಕೇ ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಚ್ಚುತ್ತೇವೆ. ಸಿಲಿಂಡರಿನೊಳಗಿನ ಒತ್ತಡ ಮೇಲ್ತುದಿ ದಾಟಿ ಸುಮಾರು 15 ಡಿಗ್ರಿಯ ಹೊತ್ತಿಗೆ ತುಟ್ಟತುದಿಗೇರಿದರೆ ಕ್ರ್ಯಾಂಕ್‌ಗೆ ಒಳ್ಳೆಯ ತಳ್ಳು ಸಿಗುತ್ತದೆ. ಕಿಡಿ ಬೇಗ ಬಿದ್ದರೆ ಆ ತುದಿ ಮೇಲ್ತುದಿಯ ಹತ್ತಿರಕ್ಕೆ ಸರಿಯುತ್ತದೆ. ಆಗ ಕನೆಕ್ಟಿಂಗ್ ರಾಡ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಎಷ್ಟು ಒತ್ತಿದರೂ ಕ್ರ್ಯಾಂಕ್ ತಿರುಗುವುದಿಲ್ಲ, ಒತ್ತಡವೆಲ್ಲ ಬಿಸಿಯಾಗಿ ಹೆಡ್‌ಗೂ ಪಿಸ್ಟನ್‌ಗೂ ಹೋಗುತ್ತದೆ.

ಎಲೆಕ್ಟ್ರಾನಿಕ್ ವ್ಯವಸ್ಥೆ ಟೈಮಿಂಗ್ ಮುಂದಕ್ಕೆ ಒಯ್ಯಲು ನ್ಯಾಯವಾದ ಕಾರಣವಿದೆ. ಎತ್ತರದಲ್ಲಿ, ಥ್ರಾಟಲ್ ಇಳಿಸಿದಾಗ, ಮಿಶ್ರಣ ಲೀನ್ ಮಾಡಿದಾಗ (ಇಂಧನ ಕಡಿಮೆ ಮಾಡಿದಾಗ) ಉರಿ ನಿಧಾನವಾಗಿ ಹರಡುತ್ತದೆ. ಮೇಲ್ತುದಿಗೆ 25 ಡಿಗ್ರಿ ಮೊದಲು ಎಂಬ ಮಾಮೂಲಿ ಟೈಮಿಂಗ್ ಅಲ್ಲಿ ಸಾಲದು, 30ರ ಮೇಲೆ ಹೋದರೆ ಲಾಭವಿದೆ. ಅದೇ 30 ಡಿಗ್ರಿ ಟೇಕಾಫ್ ಹೊತ್ತಿನಲ್ಲಿ, ಪೂರ್ತಿ ಮ್ಯಾನಿಫೋಲ್ಡ್ ಪ್ರೆಶರ್ (ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ), ಬಿಸಿ ಹೆಡ್, ಬಿಸಿ ಗಾಳಿ ಇರುವಾಗ ಬಂದರೆ ಡಿಟೊನೇಶನ್‌ಗೆ ಬಾಗಿಲು ತೆರೆದಂತೆ. ಇನ್ನೂ ಉರಿಯದೆ ಉಳಿದ ಮೂಲೆಯ ಮಿಶ್ರಣ ಒತ್ತಡ ತಾಳಲಾರದೆ ತಾನೇ ಸಿಡಿಯುತ್ತದೆ. ಆ ಬಡಿತಕ್ಕೆ ಪಿಸ್ಟನ್ ಕಿರೀಟದ ಅಂಚು ಕೊರೆದುಹೋಗುತ್ತದೆ, ರಿಂಗ್ ಲ್ಯಾಂಡ್ ಮುರಿಯುತ್ತದೆ, ಪ್ಲಗ್ಗಿನ ಸೆರಾಮಿಕ್ ಬಿರಿಯುತ್ತದೆ. ಬಿರಿದ ಸೆರಾಮಿಕ್ ಕೆಂಪಗೆ ಕಾದು ಕಿಡಿಗೂ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಿದರೆ ಅದು ಪ್ರಿ-ಇಗ್ನಿಶನ್. ಅಲ್ಲಿಂದ ಪಿಸ್ಟನ್ ತೂತಾಗಲು ನಿಮಿಷಗಳೇ ಸಾಕು. ಕಾರಿನಲ್ಲಿ ನಾಕ್ ಸದ್ದು ಕಿವಿಗೆ ಬೀಳುತ್ತದೆ. ಪ್ರೊಪೆಲರ್ ಮತ್ತು ಎಕ್ಸಾಸ್ಟ್ ಗದ್ದಲದಲ್ಲಿ ಪೈಲಟ್‌ಗೆ ಅದು ಕೇಳಿಸುವುದೇ ಇಲ್ಲ.

ಎಂಜಿನ್ ಸರ್ಟಿಫೈ ಮಾಡುವಾಗ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮ 33.47ರ ಪ್ರಕಾರ ಡಿಟೊನೇಶನ್ ಪರೀಕ್ಷೆ ಆಗಬೇಕು. ಮ್ಯಾಗ್ನೆಟೋ ಎಂಜಿನ್‌ಗಳಲ್ಲಿ ಆ ಪರೀಕ್ಷೆ ಮುಗಿದಿರುವುದು ನಿಗದಿತ ಟೈಮಿಂಗ್‌ನಲ್ಲಿ. ಆ ಸಂಖ್ಯೆ ಎಂಜಿನ್ ಡೇಟಾ ಪ್ಲೇಟ್ ಮೇಲೆ ಕೊರೆದಿರುತ್ತದೆ. ಲೈಕಮಿಂಗ್ ಎಂಜಿನ್‌ಗಳಲ್ಲಿ ಹೆಚ್ಚಾಗಿ 25, ಕೆಲವಕ್ಕೆ 20. ಒಂದೇ ಕುಟುಂಬದ ಎಂಜಿನ್ನಿನಲ್ಲೂ ಹೆಸರಿನ ಕೊನೆಯ ಒಂದು ಅಕ್ಷರ ಬೇರೆಯಾದರೆ ಟೈಮಿಂಗ್ ಬೇರೆ ಇರಬಹುದು. ಪಕ್ಕದ ವಿಮಾನದಲ್ಲಿ ಇಷ್ಟಿದೆ ಎಂದು ನಿಮ್ಮದಕ್ಕೂ ಅಷ್ಟೇ ಇಡಬೇಡಿ. ಪ್ಲೇಟ್ ಓದಿ, ಲಾಗ್‌ಬುಕ್ಕಿನಲ್ಲಿ ಟೈಮಿಂಗ್ ಬದಲಿಸಿದ ದಾಖಲೆ ಇದೆಯೇ ನೋಡಿ, ಆಮೇಲೆ ಪೆಟ್ಟಿಗೆಯ ಡಿಪ್ ಸ್ವಿಚ್‌ಗೆ (ಸೆಟ್ಟಿಂಗ್ ಆರಿಸುವ ಪುಟ್ಟ ಸ್ವಿಚ್) ಕೈ ಹಾಕಿ. 20 ಡಿಗ್ರಿಯ ಎಂಜಿನ್‌ಗೆ 25ರ ಸೆಟ್ಟಿಂಗ್ ಕೊಟ್ಟರೆ ಪರೀಕ್ಷೆಯ ವೇಳೆ ಉಳಿಸಿದ್ದ ಅಂತರದಲ್ಲಿ 5 ಡಿಗ್ರಿಯನ್ನು ಮೊದಲ ಹಾರಾಟಕ್ಕೂ ಮುನ್ನವೇ ತಿಂದುಹಾಕಿದಂತೆ.

ಶೂನ್ಯ ಎಲ್ಲಿದೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲೇ ಇದೆ. ಮ್ಯಾಗ್ನೆಟೋ ಕೂರಿಸುವವರ ಕೈಗೆ ಒಂದು ರೂಢಿ ಬಂದುಬಿಟ್ಟಿರುತ್ತದೆ: ಒಂದನೇ ಸಿಲಿಂಡರ್ ಕಂಪ್ರೆಶನ್ ಸ್ಟ್ರೋಕ್‌ಗೆ (ಪಿಸ್ಟನ್ ಮಿಶ್ರಣವನ್ನು ಒತ್ತುತ್ತಾ ಮೇಲೇರುವ ಹಂತಕ್ಕೆ) ತರುವುದು, 25ರ ಗುರುತಿಗೆ ಹೊಂದಿಸುವುದು, ಪಾಯಿಂಟ್ ತೆರೆದದ್ದನ್ನು ಸದ್ದಿನಿಂದ ಹೇಳುವ ಬಜ್ ಬಾಕ್ಸ್‌ನ ಸದ್ದು ಬದಲಾಗುವ ಜಾಗದಲ್ಲಿ ಬಿಗಿಯುವುದು. ಹಲವು ಎಲೆಕ್ಟ್ರಾನಿಕ್ ಘಟಕಗಳಿಗೆ ಶೂನ್ಯ ತೋರಿಸಬೇಕಾದದ್ದು 25ರಲ್ಲಿ ಅಲ್ಲ, ಸರಿಯಾಗಿ ಮೇಲ್ತುದಿಯಲ್ಲಿ. ಅಲ್ಲಿಂದ ಹಿಂದಕ್ಕೆ 25 ಡಿಗ್ರಿಯನ್ನು ಪೆಟ್ಟಿಗೆಯೇ ಲೆಕ್ಕ ಹಾಕುತ್ತದೆ. ಹಳೆಯ ರೂಢಿಯಲ್ಲಿ 25ರ ಗುರುತಿಗೆ ಘಟಕದ ಸೂಚಕ ಎಲ್‌ಇಡಿ ಹೊತ್ತಿಸಿ ಬಿಗಿದರೆ ಕಿಡಿ ಬೀಳುವುದು ಮೇಲ್ತುದಿಗೆ 50 ಡಿಗ್ರಿ ಮೊದಲು. ಕೈಪಿಡಿಯಲ್ಲಿ ಮೊದಲು ಹುಡುಕಬೇಕಾದ ವಾಕ್ಯ ಇದು: ಶೂನ್ಯ ಹೊಂದಿಸುವಾಗ ಕ್ರ್ಯಾಂಕ್ ಎಲ್ಲಿರಬೇಕು? ಆ ಉತ್ತರವನ್ನು ಕಾಗದದ ಮೇಲೆ ದಪ್ಪಗೆ ಬರೆದು ಎಂಜಿನ್ ಮೌಂಟ್‌ಗೆ ಅಂಟಿಸಿಕೊಂಡೇ ಕೆಲಸ ಶುರುಮಾಡಿ.

ಎರಡನೆಯ ಗೊಂದಲ ಗುರುತುಗಳದ್ದು. ಲೈಕಮಿಂಗ್‌ನ ರಿಂಗ್ ಗೇರ್ (ಸ್ಟಾರ್ಟರ್ ತಿರುಗಿಸುವ ಹಲ್ಲಿನ ಬಳೆ) ಸಪೋರ್ಟಿನ ಮುಂಭಾಗದ ಗುರುತುಗಳನ್ನು ಸ್ಟಾರ್ಟರ್ ಹೌಸಿಂಗ್ ಮೇಲಿರುವ ಸಣ್ಣ ತೂತಿಗೆ ಹೊಂದಿಸಬೇಕು. ಹಿಂಭಾಗದ ಮೇಲ್ತುದಿ ಗುರುತನ್ನು ಹೊಂದಿಸಬೇಕಾದದ್ದು ಕ್ರ್ಯಾಂಕ್‌ಕೇಸಿನ ಎರಡು ಹೋಳು ಕೂಡುವ ಗೆರೆಗೆ. ಮುಂಭಾಗದ ಗುರುತನ್ನು ಕೇಸಿನ ಗೆರೆಗೆ ಹೊಂದಿಸಿದರೆ ಲೆಕ್ಕವೆಲ್ಲ ಹಾಳು. 149 ಹಲ್ಲಿನ ರಿಂಗ್ ಗೇರ್‌ನಲ್ಲಿ ಒಂದು ಹಲ್ಲೆಂದರೆ 2.4 ಡಿಗ್ರಿ, ಹಳೆಯ 122 ಹಲ್ಲಿನದರಲ್ಲಿ ಹತ್ತಿರ ಹತ್ತಿರ 3 ಡಿಗ್ರಿ. ಕಣ್ಣು ಓರೆಯಿಟ್ಟು ನೋಡಿದರೆ ಅರ್ಧ ಹಲ್ಲು ತಪ್ಪುವುದು ಸುಲಭ. ರಿಂಗ್ ಗೇರ್ ಸಪೋರ್ಟನ್ನು ಬಿಚ್ಚಿ ಹಾಕಿದ್ದರೆ, ಅದರ ಗುರುತಿನ ತೂತು ಕ್ರ್ಯಾಂಕ್ ಫ್ಲೇಂಜಿನ ಸರಿಯಾದ ಬುಶಿಂಗ್ ಮೇಲೆ ಕೂತಿದೆಯೇ ಎಂಬುದನ್ನೂ ನೋಡಬೇಕು.

ಆದ್ದರಿಂದ ಮೊದಲ ಬಾರಿ ಹಾಕುವಾಗ ಯಾವ ಗುರುತನ್ನೂ ನಂಬದೆ ಮೇಲ್ತುದಿಯನ್ನು ಅಳೆದು ಹಿಡಿಯುವುದು ಒಳ್ಳೆಯದು. ಇಗ್ನಿಶನ್ ಸ್ವಿಚ್ ಆಫ್, ಪಿ-ಲೀಡ್‌ಗಳು (ಅರ್ಥ್ ಆದಾಗ ಇಗ್ನಿಶನ್ ಆಫ್ ಮಾಡುವ ತಂತಿಗಳು) ಅರ್ಥ್ ಆಗಿವೆ ಎಂದು ಮೀಟರ್‌ನಲ್ಲಿ ಖಾತರಿ, ಥ್ರಾಟಲ್ ಮುಚ್ಚಿ ಮಿಕ್ಸ್ಚರ್ ಕಟ್-ಆಫ್. ಪ್ರತಿ ಸಿಲಿಂಡರ್‌ನಿಂದ ಒಂದೊಂದು ಪ್ಲಗ್ ತೆಗೆಯಿರಿ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳು ಒತ್ತಿಕೊಂಡು ಪ್ರೊಪೆಲರನ್ನು ಎಂಜಿನ್ ತಿರುಗುವ ದಿಕ್ಕಿಗೆ ತಿರುಗಿಸಿ; ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಶನ್ ಸ್ಟ್ರೋಕ್. ಡಿಗ್ರಿ ಚಕ್ರವನ್ನು ಸ್ಪಿನ್ನರ್ ಮೇಲೆ ಕೂರಿಸಿ, ಅಂದಾಜಿನ ಮೇಲ್ತುದಿಗೆ ಸೊನ್ನೆ ಮಾಡಿಕೊಳ್ಳಿ. ಪಿಸ್ಟನ್ ಕೆಳಗಿಳಿದಿರುವಾಗ ಪಿಸ್ಟನ್ ಸ್ಟಾಪನ್ನು (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಕಡ್ಡಿ) ಪ್ಲಗ್ ತೂತಿಗೆ ತಿರುಚಿ ಹಾಕಿ. ಈಗ ಒಂದು ದಿಕ್ಕಿಗೆ ಮೆಲ್ಲಗೆ ತಿರುಗಿಸಿ ತಾಗುವ ಜಾಗ ಓದಿ, ಆಮೇಲೆ ಇನ್ನೊಂದು ದಿಕ್ಕಿಗೆ. ಒಂದು ಕಡೆ 38, ಇನ್ನೊಂದು ಕಡೆ 42 ಬಂತೆನ್ನಿ. ಒಟ್ಟು 80, ಅರ್ಧ 40. ಅಂದರೆ ನಿಜವಾದ ಮೇಲ್ತುದಿ ನಿಮ್ಮ ಸೊನ್ನೆಯಿಂದ 42ರ ಕಡೆಗೆ 2 ಡಿಗ್ರಿ ಸರಿದಿದೆ. ಚಕ್ರವನ್ನು ಅಷ್ಟು ಸರಿಪಡಿಸಿ ಮತ್ತೊಮ್ಮೆ ಅಳೆದರೆ ಎರಡೂ ಕಡೆ 40 ಬರಬೇಕು. ಸ್ಟಾಪ್‌ಗೆ ಪಿಸ್ಟನ್ ಬಡಿಯುವಷ್ಟು ಜೋರು ಬೇಡ, ತಾಗಿದರೆ ಸಾಕು. ಮುಗಿದ ಕೂಡಲೇ ಸ್ಟಾಪ್ ಬಿಚ್ಚಿ ಎಣಿಸಿ ಸಲಕರಣೆ ಪೆಟ್ಟಿಗೆಗೆ ಹಾಕಿ. ಅದು ಒಳಗೇ ಉಳಿದಾಗ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಹೋಯಿತು.

ಘಟಕವನ್ನು ಹೊಂದಿಸುವಾಗ ಗೇರ್‌ಗಳ ನಡುವಿನ ಸಡಿಲಿಕೆಯನ್ನು ಮರೆಯಬಾರದು. ಗುರುತಿನತ್ತ ಯಾವಾಗಲೂ ಎಂಜಿನ್ ತಿರುಗುವ ದಿಕ್ಕಿನಲ್ಲೇ ಬನ್ನಿ. ದಾಟಿಹೋದರೆ ಒಂದೆರಡು ಡಿಗ್ರಿ ಹಿಂದಕ್ಕೆಳೆದು ತೃಪ್ತಿಪಡಬೇಡಿ. ಹದಿನೈದಿಪ್ಪತ್ತು ಡಿಗ್ರಿ ಹಿಂದೆ ಹೋಗಿ ಮತ್ತೆ ಬನ್ನಿ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಮ್ಯಾಗ್ನೆಟೋ ಶಾಫ್ಟ್ ಕ್ರ್ಯಾಂಕಿನ ವೇಗದಲ್ಲೇ ತಿರುಗುತ್ತದೆ, ಆರರದರಲ್ಲಿ ಒಂದೂವರೆ ಪಟ್ಟು. ಹಾಗಾಗಿ ಘಟಕದ ಮೈಯನ್ನು 1 ಡಿಗ್ರಿ ತಿರುಗಿಸಿದರೆ ನಾಲ್ಕರಲ್ಲಿ ಟೈಮಿಂಗ್ 1 ಡಿಗ್ರಿ ಬದಲಾಗುತ್ತದೆ, ಆರರಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ. ಕ್ಲ್ಯಾಂಪ್ ನಟ್‌ಗಳನ್ನು ಎರಡೂ ಕಡೆ ಒಂದಿಷ್ಟೊಂದಿಷ್ಟೇ ಬಿಗಿಯಿರಿ. ಪೂರ್ತಿ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು, ಬಿಗಿಯುವಾಗಲೇ ಮೈ ಜಾರಿರುತ್ತದೆ.

ಕ್ರ್ಯಾಂಕ್ ಮೇಲೆ ಹಲ್ಲಿನ ಚಕ್ರ ಹಾಕುವ ವ್ಯವಸ್ಥೆಗಳಲ್ಲಿ ಗೇರ್ ಸಡಿಲಿಕೆಯ ಸಮಸ್ಯೆ ಇಲ್ಲ, ಆದರೆ ಬೇರೆ ಬಲೆ ಇದೆ. 60 ಹಲ್ಲಿನ ಜಾಗದಲ್ಲಿ 2 ಬಿಟ್ಟು 58 ಹಲ್ಲಿರುವ ಚಕ್ರದಲ್ಲಿ ಒಂದು ಹಲ್ಲೆಂದರೆ 6 ಡಿಗ್ರಿ. ಸೆನ್ಸರ್ ಮುಂದೆ ಎಷ್ಟನೇ ಹಲ್ಲು ನಿಲ್ಲಬೇಕು ಎಂದು ಎಣಿಸುವಾಗ ಒಂದು ತಪ್ಪಿದರೆ 25 ಇರಬೇಕಾದ್ದು 31 ಆಗುತ್ತದೆ, ಇಲ್ಲವೇ 19. ಎಂಜಿನ್ ಎರಡರಲ್ಲೂ ಓಡುತ್ತದೆ, 31ರಲ್ಲಂತೂ ನೆಲದ ಮೇಲೆ ಚುರುಕಾಗಿಯೇ ಓಡುತ್ತದೆ. ಅಪಾಯ ಇರುವುದೂ ಅದರಲ್ಲೇ. ಬಿಟ್ಟ ಹಲ್ಲಿನಿಂದ ಎಣಿಸಿ ಆ ಹಲ್ಲಿಗೆ ಬಣ್ಣ ಹಚ್ಚಿ, ಇನ್ನೊಬ್ಬರ ಕೈಯಲ್ಲಿ ಮತ್ತೆ ಎಣಿಸಿಸಿ.

ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ಬಗೆಯಲ್ಲಿ ಜೋಡಿ ಸರಿಯಿರಬೇಕು. ಸಿಲಿಂಡರುಗಳು 1-3-2-4 ಕ್ರಮದಲ್ಲಿ ಉರಿಯುವ ಎಂಜಿನ್‌ಗೆ 1 ಮತ್ತು 2 ಒಂದು ಜೋಡಿ, 3 ಮತ್ತು 4 ಇನ್ನೊಂದು. 1-4-5-2-3-6 ಕ್ರಮಕ್ಕೆ 1-2, 4-3, 5-6. ಕಾಯಿಲ್‌ಗಳು ಅದಲುಬದಲಾದರೆ ಸ್ಟಾರ್ಟ್ ಮಾಡುವಾಗಲೇ ಬ್ಯಾಕ್‌ಫೈರ್ ಹೇಳಿಬಿಡುತ್ತದೆ.

ಒತ್ತಡದ ಸಣ್ಣ ಕೊಳವೆ

ಟೈಮಿಂಗ್ ಬದಲಿಸುವ ವ್ಯವಸ್ಥೆಗೆ ಮ್ಯಾನಿಫೋಲ್ಡ್ ಪ್ರೆಶರ್ ತಿಳಿಸುವ ತೆಳು ಕೊಳವೆಯನ್ನು ಕೊನೆಯಲ್ಲಿ, ಅವಸರದಲ್ಲಿ, ಸಿಕ್ಕಿದ ದಾರಿಯಲ್ಲಿ ಎಳೆದಿರುತ್ತಾರೆ. ಒತ್ತಡ ಕಡಿಮೆ ಎಂದರೆ ಪೆಟ್ಟಿಗೆ ಟೈಮಿಂಗ್ ಮುಂದಕ್ಕೆ ಒಯ್ಯುತ್ತದೆ, ಜಾಸ್ತಿ ಎಂದರೆ ಹಿಂದಕ್ಕೆ ತರುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಈ ಕೊಳವೆ ಕಳಚಿದರೆ ಸೆನ್ಸರ್ ಹೊರಗಾಳಿಯ ಒತ್ತಡ ಓದುತ್ತದೆ. ಮ್ಯಾನಿಫೋಲ್ಡ್ ಒತ್ತಡ ಅದಕ್ಕಿಂತ ಹೆಚ್ಚಾಗುವ ಪ್ರಶ್ನೆಯೇ ಇಲ್ಲದ್ದರಿಂದ ಟೈಮಿಂಗ್ ಹಿಂದೆ ಸರಿಯುತ್ತದೆ. ಕ್ರೂಸ್‌ನ ಲಾಭ ಹೋಗುತ್ತದೆ, ಎಂಜಿನ್ ಉಳಿಯುತ್ತದೆ.

ಟರ್ಬೊ ಎಂಜಿನ್‌ನಲ್ಲಿ ಲೆಕ್ಕ ತಿರುಗಿಬೀಳುತ್ತದೆ. 10,000 ಅಡಿಯಲ್ಲಿ ಹೊರಗಾಳಿಯ ಒತ್ತಡ ಸುಮಾರು 20.6 ಇಂಚು ಪಾದರಸ, ಮ್ಯಾನಿಫೋಲ್ಡ್‌ನಲ್ಲಿ 30ಕ್ಕೂ ಮೇಲೆ. ಕೊಳವೆ ಕಳಚಿದ ಕ್ಷಣ ಪೆಟ್ಟಿಗೆ 20 ಇಂಚು ಎಂದುಕೊಂಡು ಕಿಡಿಯನ್ನು ಮುಂದಕ್ಕೆಳೆಯುತ್ತದೆ, ಅತಿ ಹೆಚ್ಚು ಒತ್ತಡ ಇರುವ ಹೊತ್ತಿನಲ್ಲೇ. ಟರ್ಬೊ ಇದ್ದರೆ ನಿಗದಿತ ಟೈಮಿಂಗನ್ನೇ ಇಟ್ಟುಕೊಳ್ಳಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೊಳವೆ ಕಳಚುವುದಕ್ಕಿಂತ ಕಟ್ಟಿಕೊಳ್ಳುವುದು ಎಲ್ಲ ಎಂಜಿನ್‌ಗಳಿಗೂ ಕೆಟ್ಟದ್ದು. ಐಡಲ್‌ನಲ್ಲಿ ಹತ್ತು ಹನ್ನೆರಡು ಇಂಚಿನ ಒತ್ತಡ ಇರುವಾಗ ಎಣ್ಣೆ ಅಥವಾ ನೀರಿನ ಹನಿ ಕೊಳವೆಯ ತಗ್ಗಿನಲ್ಲಿ ಕೂತರೆ ಆ ಕಡಿಮೆ ಒತ್ತಡ ಒಳಗೇ ಸಿಕ್ಕಿಕೊಳ್ಳುತ್ತದೆ. ಥ್ರಾಟಲ್ ಪೂರ್ತಿ ತೆರೆದರೂ ಸೆನ್ಸರ್‌ಗೆ ತಿಳಿಯುವುದಿಲ್ಲ, ಟೇಕಾಫ್ ಪವರ್‌ನಲ್ಲಿ ಐಡಲ್‌ನ ಅಡ್ವಾನ್ಸ್ (ಮುಂದಕ್ಕೆ ಒಯ್ದ ಟೈಮಿಂಗ್) ಉಳಿದುಬಿಡುತ್ತದೆ. ಎಂಜಿನ್‌ನಿಂದ ಸೆನ್ಸರ್‌ವರೆಗೆ ಕೊಳವೆ ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಜೋತು ಬೀಳಬಾರದು. ಹನಿಗಳು ತಾವಾಗಿ ಎಂಜಿನ್ ಕಡೆಗೆ ಹರಿದುಹೋಗಬೇಕು. ಎಕ್ಸಾಸ್ಟ್ ಹತ್ತಿರ ಹಾದರೆ ರಬ್ಬರ್ ಗಡುಸಾಗಿ ಬಿರಿಯುತ್ತದೆ. ವಾರ್ಷಿಕ ತಪಾಸಣೆಯಲ್ಲಿ ಎರಡೂ ತುದಿ ಬಿಚ್ಚಿ ಗಾಳಿ ಹಾಯಿಸಿ ನೋಡಿ, ತುದಿಯ ಅರ್ಧ ಇಂಚು ಗಟ್ಟಿಯಾಗಿದ್ದರೆ ಕೊಳವೆಯನ್ನೇ ಬದಲಿಸಿ.

ಸ್ಟಾರ್ಟ್ ಮಾಡುವಾಗ

ಕ್ರ್ಯಾಂಕ್ ನಿಧಾನವಾಗಿ ತಿರುಗುವಾಗ 25 ಡಿಗ್ರಿ ಮೊದಲು ಕಿಡಿ ಬಿದ್ದರೆ ಪಿಸ್ಟನ್ ಮೇಲೇರದೆ ಹಿಂದಕ್ಕೆ ಒದೆಯುತ್ತದೆ. ಈ ಕಿಕ್‌ಬ್ಯಾಕ್‌ಗೆ ಸ್ಟಾರ್ಟರಿನ ಮೂತಿ ಒಡೆಯುತ್ತದೆ, ರಿಂಗ್ ಗೇರ್ ಹಲ್ಲು ಹೋಗುತ್ತದೆ. ಮ್ಯಾಗ್ನೆಟೋದಲ್ಲಿ ಇಂಪಲ್ಸ್ ಕಪ್ಲಿಂಗ್ ಕಿಡಿಯನ್ನು ಮೇಲ್ತುದಿಯ ಹತ್ತಿರಕ್ಕೆ ತಡಮಾಡಿ ಇದನ್ನು ತಪ್ಪಿಸುತ್ತದೆ. ಎಷ್ಟೋ ವಿಮಾನಗಳಲ್ಲಿ ಇಂಪಲ್ಸ್ ಇರುವುದು ಎಡ ಮ್ಯಾಗ್ನೆಟೋಗೆ ಮಾತ್ರ. ಕೀ ಸ್ವಿಚ್ ಹಿಂದಿನ ಒಂದು ಸಣ್ಣ ಜಂಪರ್, ಸ್ಟಾರ್ಟ್ ಸ್ಥಾನದಲ್ಲಿ ಬಲದ್ದನ್ನು ಅರ್ಥ್ ಮಾಡಿ ಸುಮ್ಮನಿರಿಸುತ್ತದೆ.

ಎಲೆಕ್ಟ್ರಾನಿಕ್ ಘಟಕವನ್ನು ಬಲಕ್ಕೆ ಹಾಕಿದರೆ ಈ ಜಂಪರ್ ತೆಗೆಯಬೇಕು, ಇಲ್ಲವಾದರೆ ಸ್ಟಾರ್ಟ್ ಹೊತ್ತಿನಲ್ಲಿ ಹೊಸ ಘಟಕ ಆಫ್ ಆಗಿರುತ್ತದೆ. ಎಡಕ್ಕೆ ಹಾಕಿದರೆ ಜಂಪರ್ ಇರಲೇಬೇಕು, ಯಾಕೆಂದರೆ ಬಲದ ಮ್ಯಾಗ್ನೆಟೋಗೆ ಇಂಪಲ್ಸ್ ಇಲ್ಲ. ಎಡಕ್ಕೆ ಹಾಕಿ ಜಂಪರ್ ಕಿತ್ತವರ ಸ್ಟಾರ್ಟರ್ ಮುರಿಯುವ ಅಪಾಯವಿದೆ, ಮೊದಲ ಸಲವೇ ಅಲ್ಲದಿದ್ದರೆ ಬ್ಯಾಟರಿ ಸೋತ ಒಂದು ಬೆಳಗ್ಗೆ. ಸ್ವಿಚ್ಚನ್ನು ಪ್ರತಿ ಸ್ಥಾನಕ್ಕೂ ತಿರುಗಿಸಿ, ಯಾವ ಪಿ-ಲೀಡ್ ಅರ್ಥ್ ಆಗಿದೆ ಎಂದು ಮೀಟರ್‌ನಲ್ಲಿ ನೋಡಿದರೆ ಐದು ನಿಮಿಷದ ಕೆಲಸ. ನೋಡುವಾಗ ಸ್ಟಾರ್ಟರಿನ ದಪ್ಪ ಕೇಬಲ್ ಬಿಚ್ಚಿಟ್ಟಿರಿ.

ವೋಲ್ಟೇಜ್ ಇನ್ನೊಂದು ಕಥೆ. 12 ವೋಲ್ಟಿನ ಹಳೆಯ ಬ್ಯಾಟರಿ ಸ್ಟಾರ್ಟರ್ ಎಳೆಯುವಾಗ 8–9ಕ್ಕೆ ಕುಸಿಯಬಹುದು. ಘಟಕ ಮಧ್ಯದಲ್ಲಿ ಆರಿ ಮತ್ತೆ ಎದ್ದರೆ ಕ್ರ್ಯಾಂಕ್ ಎಲ್ಲಿದೆ ಎಂಬ ಲೆಕ್ಕ ಮತ್ತೆ ಮೊದಲಿನಿಂದ ಆಗಬೇಕು. ಘಟಕದ ತುದಿಯಲ್ಲೇ ಮೀಟರ್ ಹಿಡಿದು ಕ್ರ್ಯಾಂಕ್ ಮಾಡುವಾಗಿನ ವೋಲ್ಟೇಜ್ ನೋಡಿ, ಕೈಪಿಡಿಯ ಕನಿಷ್ಠಕ್ಕಿಂತ ಮೇಲಿರಬೇಕು. ಹಗುರ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್ನಿನ ಇಗ್ನಿಶನ್ ತನ್ನದೇ ಜನರೇಟರ್ ಕಾಯಿಲ್‌ನಿಂದ ನಡೆಯುತ್ತದೆ, ಸ್ಟಾರ್ಟ್‌ನಲ್ಲಿ 4 ಡಿಗ್ರಿ, 1000 ಆರ್‌ಪಿಎಂ ದಾಟಿದ ಮೇಲೆ 26. ಅಲ್ಲಿಯೂ ಬ್ಯಾಟರಿ ಸೋತು ಕ್ರ್ಯಾಂಕ್ ನಿಧಾನವಾದರೆ ಕಿಡಿ ಬರುವುದಿಲ್ಲ, ಒದೆತ ಬಂದರೆ ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಪೆಟ್ಟು ತಿನ್ನುತ್ತದೆ.

ಘಟಕಕ್ಕೆ ವಿದ್ಯುತ್ ಬ್ಯಾಟರಿಯಿಂದ ನೇರ, ತನ್ನದೇ ಫ್ಯೂಸ್ ಮೂಲಕ ಬಂದರೆ ಒಳ್ಳೆಯದು. ಮಾಸ್ಟರ್ ಸ್ವಿಚ್ ದಾರಿಯಲ್ಲಿ ತಂದರೆ ಹೊಗೆ ಬಂತೆಂದು ಮಾಸ್ಟರ್ ಆಫ್ ಮಾಡಿದ ಕೂಡಲೇ ಇಗ್ನಿಶನ್ನೂ ಹೋಗುತ್ತದೆ. ಎರಡೂ ಕಡೆ ಎಲೆಕ್ಟ್ರಾನಿಕ್ ಹಾಕಿದ್ದರೆ ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಅರ್ಥ್ ಬೋಲ್ಟ್ ಸಲ್ಲದು. ಒಂದು ತುಕ್ಕು ಹಿಡಿದ ಲಗ್ ಎರಡನ್ನೂ ಒಟ್ಟಿಗೆ ಕೊಲ್ಲಬಲ್ಲದು. ಸೆನ್ಸರ್ ತಂತಿಯನ್ನು ಪ್ಲಗ್ ತಂತಿಯ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಅಲ್ಲಿಂದ ನುಸುಳಿದ ಒಂದು ಸುಳ್ಳು ಸಂಕೇತ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಚ್ಚಿಸುತ್ತದೆ.

ರನ್-ಅಪ್‌ನಲ್ಲಿ, ಮೇಲೇರುವಾಗ

ಒಂದು ಕಡೆ ಮ್ಯಾಗ್ನೆಟೋ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಇದ್ದರೆ ರನ್-ಅಪ್‌ನ ಇಳಿತ ಸಮನಾಗಿರುವುದಿಲ್ಲ. ಮ್ಯಾಗ್ನೆಟೋ ಆಫ್ ಮಾಡಿದಾಗ ಆರ್‌ಪಿಎಂ ಕಡಿಮೆ ಇಳಿಯುತ್ತದೆ, ಎಲೆಕ್ಟ್ರಾನಿಕ್ ಆಫ್ ಮಾಡಿದಾಗ ಹೆಚ್ಚು. ಜೋಡಿಸಿದ ದಿನದ ಎರಡೂ ಅಂಕಿಗಳನ್ನು ಬರೆದಿಟ್ಟುಕೊಂಡು ಆಮೇಲೆ ಅವಕ್ಕೇ ಹೋಲಿಸಿ. ನಯವಾಗಿಯೇ ಇದ್ದು ಜಾಸ್ತಿ ಇಳಿದರೆ ಟೈಮಿಂಗ್ ಹಿಂದಿರಬಹುದು. ನಡುಗುತ್ತಾ ಇಳಿದರೆ ಪ್ಲಗ್ ನೋಡಿ. ಇಳಿಯದೇ ಇದ್ದರೆ ಪಿ-ಲೀಡ್ ಕಡಿದಿರಬಹುದು ಅಥವಾ ಟೈಮಿಂಗ್ ತೀರಾ ಮುಂದಿದೆ. ಪಿ-ಲೀಡ್ ಕಡಿದಿದ್ದರೆ ಸ್ವಿಚ್ ಆಫ್ ಇದ್ದರೂ ಪ್ರೊಪೆಲರ್ ಮುಟ್ಟಿದ ಕೈಗೆ ಅಪಾಯ.

ಮುಂದಕ್ಕೆ ಹೋದ ಟೈಮಿಂಗ್ ಸಿಕ್ಕಿಬೀಳುವುದು ತಾಪಮಾನದಲ್ಲಿ. ಸಿಲಿಂಡರ್ ಹೆಡ್ ತಾಪ ಏರುತ್ತದೆ, ಎಕ್ಸಾಸ್ಟ್ ತಾಪ ಇಳಿಯುತ್ತದೆ. ಹಿಂದೆ ಬಿದ್ದ ಟೈಮಿಂಗ್ ಇದರ ತಿರುವುಮುರುವು. ಎಲ್ಲ ಸಿಲಿಂಡರುಗಳೂ ಒಟ್ಟಿಗೆ ಹೀಗಾದರೆ ಟೈಮಿಂಗ್ ಅನುಮಾನಿಸಿ, ಒಂದೇ ಸಿಲಿಂಡರ್ ಆದರೆ ಅದರ ಪ್ಲಗ್, ಇಂಜೆಕ್ಟರ್, ಬ್ಯಾಫಲ್ (ತಂಪುಗಾಳಿಗೆ ದಾರಿ ತೋರಿಸುವ ತಗಡು) ನೋಡಿ. ಲೈಕಮಿಂಗ್‌ನ ಹೆಡ್ ಮಿತಿ 500 ಡಿಗ್ರಿ ಫ್ಯಾರನ್‌ಹೀಟ್, ಕಾಂಟಿನೆಂಟಲ್‌ನದು 460. ಆ ಕೆಂಪು ಗೆರೆಯವರೆಗೆ ಕಾಯಬೇಡಿ, 400 ದಾಟಿದಾಗಲೇ ಕೈ ಆಡಿಸಿ. ಸೆಕೆಂಡಿಗೊಂದು ಡಿಗ್ರಿಯಂತೆ ಏರುತ್ತಿದ್ದರೆ ಥ್ರಾಟಲ್ ಇಳಿಸಿ, ಮಿಶ್ರಣ ರಿಚ್ ಮಾಡಿ, ಮೂಗು ತಗ್ಗಿಸಿ, ಕೌಲ್ ಫ್ಲ್ಯಾಪ್ (ಎಂಜಿನ್ ಹೊದಿಕೆಯ ಗಾಳಿ ಕದ) ತೆರೆಯಿರಿ. ಪವರ್ ಇಳಿದ ಮೇಲೂ ನಿಲ್ಲದಿದ್ದರೆ ಎಲೆಕ್ಟ್ರಾನಿಕ್ ಕಡೆಯನ್ನು ಆಫ್ ಮಾಡಿ ಮ್ಯಾಗ್ನೆಟೋ ಒಂದರಲ್ಲೇ ಬನ್ನಿ. ಎಕ್ಸಾಸ್ಟ್ ತಾಪ ಏರುತ್ತದೆ, ಪವರ್ ಸ್ವಲ್ಪ ಕಮ್ಮಿಯಾಗುತ್ತದೆ. ಕಿಡಿ ಮಾತ್ರ ಪ್ಲೇಟ್ ಮೇಲಿನ ಡಿಗ್ರಿಯಲ್ಲಿ ಬೀಳುತ್ತದೆ.

ಪ್ಲಗ್ ಗ್ಯಾಪ್ ಬಗ್ಗೆ ಒಂದು ಮಾತು. ಮ್ಯಾಗ್ನೆಟೋ ಕಡೆಗೆ 0.016ರಿಂದ 0.021 ಇಂಚು. ಎಲೆಕ್ಟ್ರಾನಿಕ್ ಕಡೆಗೆ ಕೈಪಿಡಿ ಇನ್ನೂ ಅಗಲ ಹೇಳಬಹುದು. ಪ್ಲಗ್ ತೊಳೆದು ಸರದಿ ಬದಲಿಸುವಾಗ ಎರಡೂ ಗುಂಪು ಬೆರೆತರೆ ಅಗಲ ಗ್ಯಾಪಿನ ಪ್ಲಗ್ ಮ್ಯಾಗ್ನೆಟೋ ಕಡೆಗೆ ಹೋಗಿ ಎತ್ತರದಲ್ಲಿ ಕಿಡಿ ತಪ್ಪುತ್ತದೆ. ಟ್ರೇಯನ್ನೇ ಬೇರೆ ಮಾಡಿ.

ಕೆಲಸ ಮುಗಿದ ಮೇಲೆ ಲಾಗ್‌ಬುಕ್ಕಿನಲ್ಲಿ ಬರೆಯಬೇಕಾದವು: ಶೂನ್ಯ ಹೊಂದಿಸಿದ ಕ್ರ್ಯಾಂಕ್ ಸ್ಥಾನ, ಮೇಲ್ತುದಿ ಹಿಡಿದ ವಿಧಾನ, ಪ್ರತಿ ಡಿಪ್ ಸ್ವಿಚ್ಚಿನ ಸ್ಥಿತಿ, ನಿಗದಿತವೋ ಬದಲಾಗುವ ಟೈಮಿಂಗೋ, ಜಂಪರ್ ಇದೆಯೋ ತೆಗೆದಿದೆಯೋ, ಎರಡೂ ಕಡೆಯ ರನ್-ಅಪ್ ಇಳಿತ. ಮೊದಲ ಕೆಲವು ಹಾರಾಟಗಳನ್ನು ನಿಗದಿತ ಟೈಮಿಂಗ್‌ನಲ್ಲೇ ಮಾಡಿ, ಏರುವಾಗಿನ ಪ್ರತಿ ಸಿಲಿಂಡರಿನ ಹೆಡ್ ತಾಪ ಬರೆದುಕೊಳ್ಳಿ. ಈ ಇಗ್ನಿಶನ್ ಹಾಕಲು ಸಿಕ್ಕ ಅನುಮತಿ ಪತ್ರ ಒಪ್ಪುವುದಾದರೆ ಅದಾದ ಮೇಲೆ ಬದಲಾಗುವ ಟೈಮಿಂಗ್‌ಗೆ ಹೋಗಿ, ಅದೇ ಎತ್ತರ, ಅದೇ ಪವರ್, ಅದೇ ಮಿಶ್ರಣದಲ್ಲಿ ಮತ್ತೆ ಓದಿ.